ನೋಟಿಸ್ ಬಂದವರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ.

ಈ ವಾರ ನಮ್ಮ ಗುಂಪಿನ ಮೂವರಿಗೆ, ಕೆಲಸದಿಂದ ಯಾಕೆ ತೆಗೆಯಬಾರದು ಅಂತ ಕಾರಣ ಕೇಳಿ ನೋಟಿಸ್ ಬಂದಿದೆ. ಒಂದರಲ್ಲಿ ಇರುವುದು ಒಂದೇ ಸಾಲು: "ನಡತೆ ಸರಿಯಿಲ್ಲ". ಯಾವ ದಿನ, ಏನು ಮಾಡಿದ್ದು, ನೋಡಿದವರು ಯಾರು, ಒಂದೂ ಇಲ್ಲ. ಇದಕ್ಕೆ ಏನಂತ ಉತ್ತರ ಬರೆಯೋದು, ಅಲ್ವಾ?

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1982ರ 158ನೇ ಒಪ್ಪಂದ ಹೇಳುವುದು ಹೀಗೆ. ನಡತೆ ಅಥವಾ ಕೆಲಸ ಸರಿಯಿಲ್ಲ ಎಂದು ತೆಗೆಯುವ ಮುಂಚೆ, ಆರೋಪಕ್ಕೆ ಉತ್ತರ ಕೊಡಲು ಅವಕಾಶ ಕೊಡಬೇಕು. ಎಲ್ಲ ದೇಶಗಳೂ ಅದನ್ನು ಒಪ್ಪಿಲ್ಲ, ನಿಜ. ಆದರೆ ಎಷ್ಟೋ ಕಡೆ ಕಾರಣ ಸರಿಯಿದ್ದರೂ ವಿಚಾರಣೆ ನೆಟ್ಟಗೆ ನಡೆಯದಿದ್ದರೆ ವಜಾ ಕಾನೂನಿನ ಮುಂದೆ ನಿಲ್ಲುವುದಿಲ್ಲ.

ಆದ್ದರಿಂದ ಒತ್ತಾಯ ಎಷ್ಟೇ ಜಾಸ್ತಿಯಾದರೂ ಸುಮ್ನೆ ರಾಜೀನಾಮೆ ಬರೆದುಕೊಡಬೇಡಿ. ಆಮೇಲೆ ವಜಾ ಮಾಡಿದರು ಅಂತ ಹೇಳುವುದೇ ಕಷ್ಟ. ಆರೋಪದ ವಿವರ, ದಾಖಲೆಗಳ ನಕಲು ಬರವಣಿಗೆಯಲ್ಲೇ ಕೇಳಿ. ಲಕೋಟೆಯನ್ನೂ ಎಸೆಯಬೇಡಿ, ನೋಟಿಸ್ ಯಾವಾಗ ತಲುಪಿತು ಅಂತ ತೋರಿಸಲು ಬೇಕಾಗಬಹುದು. ಉತ್ತರದ ಗಡುವು ಮಾತ್ರ ತಪ್ಪಿಸಬೇಡಿ.

ಭಾನುವಾರ ಸಂಜೆ 5ಕ್ಕೆ ಗುಂಪಿನಲ್ಲೇ ಕಾಲ್ ಇದೆ. ನೋಟಿಸಿನ ಫೋಟೊ ಇಲ್ಲಿ ಹಾಕದೆ ನನಗೊಬ್ಬನಿಗೇ ಕಳಿಸಿ. ಸೇರುವವರು ಶನಿವಾರ ರಾತ್ರಿಯೊಳಗೆ "ಬರ್ತೀನಿ" ಅಂತ ಹಾಕಿಬಿಡಿ.