ಚಾಚಾ ಬಿಟ್ಟುಹೋದ ಚೆಂಬು

ನಮ್ಮ ಕುದುರೆಮರಿ ತುಂತುರುವಿಗೆ ಮೊನ್ನೆ ಆರು ತಿಂಗಳು ತುಂಬಿತು. ತಾಯಿಯ ಹಾಲು ಬಿಡಿಸಿ, ಬೇರೆ ಲಾಯದಲ್ಲಿ ಕಟ್ಟಿ ಇವತ್ತಿಗೆ ಒಂಬತ್ತು ದಿನ. ಮೊದಲ ಮೂರು ರಾತ್ರಿ ಇತ್ತಲಿಂದ ಇವಳು, ಅತ್ತಲಿಂದ ತಾಯಿ ಗೌರಿ, ಕೆನೆದು ಕೆನೆದು ಬೀದಿಯ ನಿದ್ದೆಯನ್ನೆಲ್ಲ ಕೆಡಿಸಿದರು. ನಾಲ್ಕನೆಯ ರಾತ್ರಿ ಇಬ್ಬರೂ ಹುಲ್ಲು ತಿಂದು ಸುಮ್ಮನಾದರು. ಜಗಳಕ್ಕೆಂದು ಬಂದು, ಮರಿಯ ಮೂತಿ ಸವರಿ, ಬಂದ ಕೆಲಸ ಮರೆತು ಹೋದ ನೆರೆಮನೆಯವರಿಗೆ ಮೊದಲ ನಮಸ್ಕಾರ.

‘ಅಂತೂ ಮರಿಯನ್ನು ಉಳಿಸಿಕೊಂಡಿರಿ’ ಎಂದು ಸಿಕ್ಕವರೆಲ್ಲ ನನ್ನನ್ನು ಹೊಗಳುತ್ತಿದ್ದಾರೆ. ಆ ಹೊಗಳಿಕೆ ಹೊರಲಾರದೆ ಇದನ್ನು ಬರೆಯುತ್ತಿದ್ದೇನೆ.

ಗೌರಿಯ ಚೊಚ್ಚಲ ಹೆರಿಗೆ ತುಂಬ ಕಷ್ಟವಾಯಿತು; ಅದು ನಿಮ್ಮಲ್ಲಿ ಅನೇಕರಿಗೆ ಗೊತ್ತು, ಮತ್ತೆ ಹೇಳುವುದಿಲ್ಲ. ನಿಮಗೆ ಗೊತ್ತಿಲ್ಲದ್ದು ಅದರ ನಂತರದ ಐದಾರು ಗಂಟೆ.

ಕುದುರೆಗಳು ಹೆಚ್ಚಾಗಿ ರಾತ್ರಿಯೇ ಈಯುತ್ತವೆ, ಜನ ಮಲಗಲೆಂದೇ ಕಾದಿದ್ದ ಹಾಗೆ. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ಲಿನಂಥ ಫಾರಂನವರು ಅದಕ್ಕೆಂದೇ ಆಳು ಇಟ್ಟುಕೊಳ್ಳಬಹುದು. ಮೈಸೂರಿನ ಅಂಚಿನಲ್ಲಿ ಐದು ಕುದುರೆ ಕಟ್ಟಿಕೊಂಡು, ಬೆಳಿಗ್ಗೆ ಮಕ್ಕಳಿಗೆ ಸವಾರಿ ಕಲಿಸಿ, ಮದುವೆಯ ಕಾಲದಲ್ಲಿ ಬಿಳಿ ಕುದುರೆಯನ್ನು ಮೆರವಣಿಗೆಗೆ ಕಳಿಸುವ ನಮ್ಮಂಥವರ ಮನೆಯಲ್ಲಿ ಆಳೂ ನಾವೇ, ಒಡೆಯರೂ ನಾವೇ. ಹನ್ನೊಂದು ತಿಂಗಳ ಲೆಕ್ಕ ಹಾಕಿ ಇನ್ನೂ ಹತ್ತು ದಿನವಿದೆ ಎಂದುಕೊಂಡಿದ್ದೆವು. ನಮ್ಮವರು ಬಿಳಿ ಕುದುರೆ ಬಾದಲ್‌ನನ್ನು ಗಾಡಿಗೆ ಹತ್ತಿಸಿಕೊಂಡು ಮಂಡ್ಯದ ಮದುವೆಗೆ ಹೊರಟ ಮೇಲೆ ನೋಡುತ್ತೇನೆ, ಗೌರಿಯ ಮೊಲೆಯ ತುದಿಯಲ್ಲಿ ಮೇಣದಂಥ ಹನಿ, ಹೆರಿಗೆ ಹತ್ತಿರ ಬಂದ ಗುರುತು. ಮಗಳಿಗೆ ಬೆಳಗಾದರೆ ಎಸ್ಸೆಸ್ಸೆಲ್ಸಿ ಪರೀಕ್ಷೆ.

ಮರಿ ಹುಟ್ಟಿದ ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಮೊಲೆಗೆ ಬಾಯಿ ಹಾಕಬೇಕು. ಇವಳು ಏಳುವುದಕ್ಕೇ ಎರಡು ಗಂಟೆ ತೆಗೆದುಕೊಂಡಳು. ತಡವರಿಸಿಕೊಂಡು ಕೆಚ್ಚಲಿನ ಹತ್ತಿರ ಹೋದರೆ ಗೌರಿ ಕಿವಿ ಹಿಂದಕ್ಕೆ ಮಡಚಿ ಒದ್ದಳು. ಎರಡನೆಯ ಸಲವೂ ಒದ್ದಳು. ಡಾಕ್ಟರು ಫೋನಿನಲ್ಲಿ ಒಂದೇ ಮಾತು ಹೇಳುತ್ತಿದ್ದರು: ಹೇಗಾದರೂ ಮಾಡಿ ಗಿಣ್ಣು ಹಾಲು ಹೊಟ್ಟೆಗೆ ಹೋಗಲಿ. ಕುದುರೆ ಮರಿ ರೋಗ ತಡೆಯುವ ಶಕ್ತಿಯನ್ನು ತಾಯಿಯ ಗರ್ಭದಿಂದ ತರುವುದಿಲ್ಲ, ಆ ಹಾಲಿನಿಂದಲೇ ಪಡೆಯಬೇಕು. ಗಂಟೆ ಕಳೆದಂತೆ ಕರುಳು ಅದನ್ನು ಒಳಗೆ ಬಿಟ್ಟುಕೊಳ್ಳುವುದು ಕಡಿಮೆಯಾಗುತ್ತದೆ, ಒಂದು ದಿನವಾದರೆ ಬಾಗಿಲು ಮುಚ್ಚಿದಂತೆಯೇ.

ಆಗ ಅತ್ತೆ, ‘ಸಾಹೇಬರಿಗೆ ಹೇಳಿ ಕಳಿಸು’ ಎಂದರು.

ಸಾಹೇಬರೆಂದರೆ ನಮ್ಮ ಮಾವನವರ ಕಾಲದಿಂದ ಪರಿಚಯವಿರುವ ಚಾಚಾ, ಮೈಸೂರಿನ ಬೀದಿಗಳಲ್ಲಿ ಶಾಪಸಂದ್ ಎಂಬ ಕುದುರೆಗಾಡಿ ಓಡಿಸಿ ಮುದುಕರಾದವರು. ಕೊನೆಯ ಕುದುರೆಯನ್ನು ಮಾರಿ ಎಷ್ಟೋ ವರ್ಷವಾಗಿತ್ತು. ರಾತ್ರಿ ಒಂದು ಗಂಟೆಗೆ ಮೊಮ್ಮಗನ ಸ್ಕೂಟರಿನಲ್ಲಿ ಬಂದರು. ಹೆಗಲ ಮೇಲೆ ಶಾಲು, ಕೈಯಲ್ಲಿ ಬಾಯಿ ಕಿರಿದಾದ ಹಿತ್ತಾಳೆ ಚೆಂಬು, ಕಿವಿಯ ಸಂದಿಯಲ್ಲಿ ಒಂದು ಬೀಡಿ. ಲಾಯದಲ್ಲಿ ಒಣಹುಲ್ಲಿದೆ ಎಂದು ಆ ಬೀಡಿಯನ್ನು ಬೆಳಗಿನವರೆಗೂ ಅವರು ಹಚ್ಚಲಿಲ್ಲ.

ಬಂದವರು ಮರಿಯನ್ನು ನೋಡಲಿಲ್ಲ, ನೇರ ಗೌರಿಯ ಬಳಿ ಹೋದರು. ಹಣೆಗೆ ಹಣೆ ಹಚ್ಚಿ ಅವಳೊಡನೆ ಉರ್ದುವಿನಲ್ಲಿ ಏನೋ ಮಾತನಾಡಿದರು. ನಮ್ಮ ಕಡೆ ತಿರುಗಿ, ‘ಇವಳಿಗೆ ಸಿಟ್ಟಲ್ಲಮ್ಮಾ, ನೋವು. ಕೆಚ್ಚಲು ಕಲ್ಲಾಗಿದೆ, ಮುಟ್ಟಿದರೆ ಪ್ರಾಣ ಹೋಗುತ್ತದೆ’ ಎಂದರು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕೆಚ್ಚಲಿಗೆ ಕಾವು ಕೊಟ್ಟರು. ಒದೆಯದಂತೆ ನನ್ನಿಂದ ಅವಳ ಮುಂಗಾಲು ಎತ್ತಿಸಿ ಹಿಡಿಸಿ, ಮಂಡಿಯೂರಿ ಕುಳಿತು ಚೆಂಬಿಗೆ ಹಾಲು ಕರೆದರು. ಕುದುರೆಯ ಮೊಲೆ ಹಸುವಿನದರಂತಲ್ಲ, ಎರಡೇ ಬೆರಳಿಗೆ ಸಿಗುವಷ್ಟು. ಅಂಟಂಟಾದ ಹಳದಿ ಹಾಲು ಹನಿಹನಿಯಾಗಿ ಬಿತ್ತು. ಕುರಿಮರಿಗೆ ಹಾಲು ಕುಡಿಸುವ ನಿಪ್ಪಲನ್ನು ಮಗ ಎಲ್ಲಿಂದಲೋ ಹುಡುಕಿ ತಂದ. ‘ತಲೆ ಮೇಲೆತ್ತಿ ಕುಡಿಸಬೇಡಿ, ಶ್ವಾಸಕ್ಕೆ ಹೋಗುತ್ತದೆ’ ಎಂದು ಚಾಚಾ ಎರಡೆರಡು ಸಲ ಹೇಳಿದರು. ಮಗಳು ಪರೀಕ್ಷೆಯ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಗಂಟೆ, ಅಳತೆ ಬರೆದಿಟ್ಟಳು. ಆ ಹಾಳೆ ಈಗಲೂ ಇದೆ: ‘1.50, ಅರ್ಧ ಲೋಟ. 2.30, ಕಾಲು ಲೋಟ, ಉಗುಳಿದಳು.’

ಮೂರು ಗಂಟೆಯ ಹೊತ್ತಿಗೆ ಮರಿ ಕುಡಿಯುವುದನ್ನು ನಿಲ್ಲಿಸಿ ಕತ್ತು ಚೆಲ್ಲಿ ಮಲಗಿತು. ಅದರ ಕಾಲ ಬಳಿ ಕುಳಿತಿದ್ದೆ. ಹೊಟ್ಟೆಯೊಳಗೆ ತಾಯಿಗೆ ಗಾಯವಾಗದಿರಲೆಂದು ಮರಿಯ ಗೊರಸಿನ ತುದಿಯಲ್ಲಿ ಮೆತ್ತನೆಯ ಬಿಳಿ ಎಳೆಗಳಿರುತ್ತವೆ, ನಡೆದಾಡಿದರೆ ಒಂದು ದಿನದೊಳಗೆ ಸವೆದು ಹೋಗುತ್ತವೆ. ಇದರವು ಹಾಗೇ ಇದ್ದವು, ನೆಲವನ್ನೇ ಮುಟ್ಟದವುಗಳಂತೆ. ಹಿಂದಿನ ವರ್ಷ ಹೊಟ್ಟೆಶೂಲೆಯಿಂದ ಹೋದ ಕುದುರೆಗೆ ಗುಂಡಿ ತೋಡಿಸಿದ್ದು ಕಣ್ಣಿಗೆ ಬಂತು. ‘ಸಾಕು ಚಾಚಾ, ಬಿಟ್ಟುಬಿಡಿ. ಹಿಂಸೆ ಮಾಡುವುದು ಬೇಡ’ ಎಂದೆ. ಮರಿಯ ಹಿಂಸೆಯಲ್ಲ, ನನ್ನದು. ನನಗೆ ಅದು ಬೇಗ ಮುಗಿದರೆ ಸಾಕಾಗಿತ್ತು. ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ.

ಚಾಚಾ ಬೈಯಲಿಲ್ಲ. ಧೈರ್ಯವನ್ನೂ ಹೇಳಲಿಲ್ಲ. ‘ನೀನು ಒಳಗೆ ಹೋಗಿ ಮಲಗಮ್ಮಾ’ ಎಂದು ಶಾಲು ತೆಗೆದು ಮರಿಗೆ ಹೊದಿಸಿ, ಬೆನ್ನು ಉಜ್ಜತೊಡಗಿದರು. ನಾನು ಹೋಗಿ ಮಲಗಿದೆ. ನಿದ್ದೆಯೂ ಬಂತು! ಗೌರಿಯ ಕಾಲು ಹಿಡಿಯಲು ಅತ್ತೆ ಎದ್ದು ಹೋದರಂತೆ, ಎಪ್ಪತ್ತು ದಾಟಿದ ಅತ್ತೆ.

ಐದೂವರೆಗೆ ನಮ್ಮವರು ಬಂದು ಎಬ್ಬಿಸಿದರು. ಓಡಿಹೋಗಿ ನೋಡಿದರೆ ಚಾಚಾ ಗೌರಿಯದೇ ಹಾಲನ್ನು ಮರಿಯ ಬಾಲದ ಬುಡಕ್ಕೆ, ಬೆನ್ನಿಗೆ ಸವರಿದ್ದರು. ಗೌರಿ ಅದನ್ನು ಮೂಸಿ ಮೂಸಿ ನೆಕ್ಕುತ್ತಿದ್ದಳು. ಮರಿ ನಾಲ್ಕು ಕಾಲನ್ನೂ ಅಗಲಿಸಿ ನಿಂತು ಕೆಚ್ಚಲಿಗೆ ತಲೆ ಗುದ್ದುತ್ತಿತ್ತು. ಚಪ್ಪರಿಸುವ ಸದ್ದು ಕೇಳಿಸಿತು. ಚಾಚಾ ಅಂಗಳದಾಚೆಯ ಹುಣಸೆಮರದ ಕೆಳಗೆ ಹೋಗಿ ಕುಳಿತು ಬೀಡಿ ಹಚ್ಚಿದರು. ಕೈ ನಡುಗುತ್ತಿತ್ತು, ಮೂರನೆಯ ಕಡ್ಡಿಗೆ ಹತ್ತಿತು.

ಮುಂದಿನ ಐದು ದಿನ ಗೌರಿಯನ್ನು ಹಿಡಿದು ನಿಲ್ಲಿಸಲು ಪಾಳಿಯಲ್ಲಿ ನಿದ್ದೆಗೆಟ್ಟ ಮಗನಿಗೆ ಮತ್ತು ನಮ್ಮವರಿಗೆ, ಬೆಳಗಾಗುತ್ತಲೇ ಬಂದು ರಕ್ತ ಪರೀಕ್ಷೆಗೆ ಏರ್ಪಾಡು ಮಾಡಿದ ಡಾಕ್ಟರಿಗೆ, ಲದ್ದಿ ಬಳಿದುಕೊಟ್ಟ ಸವಾರಿ ಮಕ್ಕಳಿಗೆ, ಲೂಸರ್ನ್ ಹುಲ್ಲನ್ನು ಸಾಲ ಕೊಟ್ಟು ಇನ್ನೂ ಕೇಳದವರಿಗೆ, ನಾನು ಮರೆತ ದಿನಗಳಲ್ಲಿ ಡಬ್ಬಿಗೆ ಊಟ ಹಾಕಿ ಕೊಟ್ಟ ಓರಗಿತ್ತಿಗೆ ಕೈಮುಗಿಯುತ್ತೇನೆ. ಮಗಳು ಆ ಬೆಳಿಗ್ಗೆ ಕೂದಲಿನಲ್ಲಿ ಹುಲ್ಲುಕಡ್ಡಿ ಸಿಕ್ಕಿಸಿಕೊಂಡೇ ಪರೀಕ್ಷೆ ಬರೆದು ಬಂದಳು. ಅತ್ತೆಗೆ ಇಲ್ಲಿ ಥ್ಯಾಂಕ್ಸ್ ಬರೆದರೆ ನಗುತ್ತಾರೆ, ಆದ್ದರಿಂದ ಬರೆಯುವುದಿಲ್ಲ.

ಚಾಚಾ ದುಡ್ಡು ಮುಟ್ಟಲಿಲ್ಲ. ಶಾಲನ್ನು ಒಗೆದು ಕೊಟ್ಟೆವು, ತೆಗೆದುಕೊಂಡರು. ಈಗ ಪ್ರತಿ ಶುಕ್ರವಾರ ನಮಾಜು ಮುಗಿಸಿ ಬರುತ್ತಾರೆ. ತುಂತುರು ಅವರ ಅಂಗಿಯ ಜೇಬು ಜಗ್ಗಿ ಬೆಲ್ಲ ಹುಡುಕುತ್ತಾಳೆ. ‘ಮುದ್ದು ಜಾಸ್ತಿಯಾಯಿತು, ದೊಡ್ಡವಳಾದರೆ ಕಚ್ಚುತ್ತಾಳೆ’ ಎಂದು ನಮ್ಮನ್ನು ಗದರಿಸಿ, ತಾವೇ ಬೆಲ್ಲ ಕೊಡುತ್ತಾರೆ.

ಚೆಂಬನ್ನು ಹುಣಸೆಹಣ್ಣು ಹಾಕಿ ಬೆಳಗಿ ಇಟ್ಟಿದ್ದೇನೆ. ಹೋದ ವಾರವೂ ಅವರ ಕೈಗೆ ಕೊಡಲು ಹೋದೆ. ಗೌರಿಯ ಹೊಟ್ಟೆಯ ಕಡೆ ಒಮ್ಮೆ ನೋಡಿ, ‘ಇಲ್ಲೇ ಇರಲಿ ಬಿಡಮ್ಮಾ’ ಎಂದರು.