ಕಡಕ್‌ನಾಥ್ ಕೋಳಿ ಕೊಳ್ಳುವ ಮುಂಚೆ ಓದಿ

ಗುಂಪಿನ ಎಲ್ಲರಿಗೂ ನಮಸ್ಕಾರ.

ಕಡಕ್‌ನಾಥ್ ಮೊಟ್ಟೆ ಅಂತ ಕಪ್ಪು ಮೊಟ್ಟೆಯ ಫೋಟೋಗಳು ಓಡಾಡುತ್ತಿರುತ್ತವೆ. ದಯವಿಟ್ಟು ನಂಬಬೇಡಿ, ಮುಂದಕ್ಕೂ ಕಳಿಸಬೇಡಿ. ಈ ಕೋಳಿಯ ಮೊಟ್ಟೆ ತಿಳಿ ಕಂದು ಬಣ್ಣದ್ದು, ನಮ್ಮ ನಾಟಿ ಕೋಳಿಯದರ ಹಾಗೆಯೇ. ಕಪ್ಪಿರುವುದು ಕೋಳಿ. ಗರಿ, ಚರ್ಮ, ಜುಟ್ಟು, ಕೊಕ್ಕು, ಕಾಲು, ಮಾಂಸ, ಕೊನೆಗೆ ಮೂಳೆಯ ಮೇಲೂ ಕಪ್ಪು ಛಾಯೆ. ಮೆಲನಿನ್ ಎಂಬ ಬಣ್ಣದ ವಸ್ತು ಮೈಯೊಳಗೆಲ್ಲ ಜಾಸ್ತಿ ಸೇರುವುದರಿಂದ ಹೀಗಾಗುತ್ತದೆ. ಇದು ಹುಟ್ಟಿನಿಂದ ಬಂದ ಗುಣ, ಮೇವಿನಿಂದ ಬರುವುದಲ್ಲ.

ಇದರ ತವರು ಮಧ್ಯಪ್ರದೇಶದ ಝಾಬುವಾ ಸೀಮೆ. ಅಲ್ಲಿನ ಭಿಲ್, ಭಿಲಾಲಾ ಆದಿವಾಸಿ ಜನ ತಲೆಮಾರುಗಳಿಂದ ಸಾಕಿ ಉಳಿಸಿದ ತಳಿ. ಅಲ್ಲಿ ಇದನ್ನು ‘ಕಾಲಿ ಮಾಸಿ’ ಅನ್ನುತ್ತಾರೆ, ಅಂದರೆ ಕಪ್ಪು ಮಾಂಸದ್ದು. 2018ರಲ್ಲಿ ಝಾಬುವಾದ ಈ ಮಾಂಸಕ್ಕೆ ಜಿಐ ಟ್ಯಾಗ್, ಅಂದರೆ ಒಂದು ಸೀಮೆಯ ವಿಶೇಷ ಉತ್ಪನ್ನಕ್ಕೆ ಕೊಡುವ ಅಧಿಕೃತ ಗುರುತು, ಸಿಕ್ಕಿತು. ಆ ಜನರ ಶ್ರಮಕ್ಕೆ ಸಿಗಬೇಕಾದ ಮರ್ಯಾದೆಯೇ ಅದು, ಅಲ್ವಾ?

ಪೂರ್ತಿ ಕಪ್ಪು ಮಾತ್ರವಲ್ಲ, ಕುತ್ತಿಗೆಯಲ್ಲಿ ಬೆಳ್ಳಿ ಅಥವಾ ಚಿನ್ನದ ಬಣ್ಣದ ಗರಿ ಇರುವುವೂ ಅಸಲಿಯೇ. ಸುಮ್ನೆ ಮಿಶ್ರತಳಿ ಅಂತ ತಳ್ಳಿಹಾಕಬೇಡಿ.

ಸಾಕುವವರು ಗಮನಿಸಿ: ಇವು ನಿಧಾನವಾಗಿ ಬೆಳೆಯುತ್ತವೆ. ಹೇಂಟೆಗಳು ಕಾವಿಗೆ ಸರಿಯಾಗಿ ಕೂರುವುದಿಲ್ಲ. ಮರಿ ಮಾಡಿಸಲು ಬೇರೆ ನಾಟಿ ಹೇಂಟೆಯನ್ನೋ ಇನ್‌ಕ್ಯುಬೇಟರನ್ನೋ ಮೊದಲೇ ನೋಡಿಟ್ಟುಕೊಳ್ಳಿ.