ನಮ್ಮ ಅರ್ಜಿ ನಮಗೇ ವಾಪಸ್ ಬಂದಿದೆ: ಕರ್ನಾಟಕದ ಗಡಿ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನನ್ನ ಮಗಳು ಐದನೇ ಕ್ಲಾಸು. ಜೂನ್‌ನಲ್ಲಿ ಬಂದ ಗಣಿತದ ಟೀಚರಿಗೆ ಕನ್ನಡ ಓದಲು ಬರುವುದಿಲ್ಲ. ಅವರದ್ದೇನೂ ತಪ್ಪಿಲ್ಲ, ಆರ್ಡರ್ ಆಯಿತು, ಬಂದರು. ಬೋರ್ಡಿನಲ್ಲಿ ಲೆಕ್ಕ ಬಿಡಿಸುತ್ತಾರೆ, ವಿವರಿಸುವುದು ಮಲಯಾಳದಲ್ಲಿ. ಮಗಳ ನೋಟ್‌ಬುಕ್ ತೆರೆದರೆ ಬರೀ ಅಂಕೆಗಳು, ಪಕ್ಕದಲ್ಲಿ ಒಂದಕ್ಷರವಿಲ್ಲ. "ಛೇದ ಅಂದ್ರೆ ಎಂತ ಅಮ್ಮಾ?" ಎಂದು ರಾತ್ರಿ ಕೇಳುತ್ತಾಳೆ. ದಿನವಿಡೀ ಹೊಲಿಗೆ ಮೆಷಿನ್ ತುಳಿದು ಬಂದವಳು ನಾನು, ಮರೆತ ಪಾಠ ನೆನಪು ಮಾಡಿಕೊಂಡು ಹೇಳಿಕೊಡುತ್ತೇನೆ. ಹೇಳಿಕೊಡಲು ಯಾರೂ ಇಲ್ಲದ ಮಕ್ಕಳು?

ಜುಲೈಯಲ್ಲಿ ಹೆತ್ತವರೆಲ್ಲ ಸಹಿ ಹಾಕಿ ಅರ್ಜಿ ಕೊಟ್ಟೆವು. ಇಲ್ಲಿಯ ಕಚೇರಿಯವರು ನೇಮಕಾತಿ ತಿರುವನಂತಪುರದ್ದು ಎಂದರು. ಬೆಂಗಳೂರಿಗೆ ಬರೆದರೆ, ಕೇರಳಕ್ಕೆ ಸಂಬಂಧಿಸಿದ ವಿಷಯ, ವರ್ಗಾಯಿಸಲಾಗಿದೆ ಎಂಬ ಒಂದೇ ಸಾಲಿನ ಉತ್ತರ. ಯಾರಿಗೆ ವರ್ಗಾಯಿಸಿದಿರಿ ಎಂದು ಫೋನ್ ಮಾಡಿದರೆ ಅವರಿಗೇ ಗೊತ್ತಿಲ್ಲ! ನವೆಂಬರಿನಲ್ಲಿ ನಮ್ಮ ಅರ್ಜಿ ಮೂರು ಸೀಲು ಹೊತ್ತು ನಮ್ಮ ಮನೆಗೇ ಬಂತು. ಆ ಲಕೋಟೆ ಒಡೆದು ನಾನು ಅತ್ತಿದ್ದೇನೆ ಸಚಿವರೇ.

ಎರಡೂ ಕಡೆಯ ಅಧಿಕಾರಿಗಳನ್ನು ಒಂದೇ ಮೇಜಿನ ಮುಂದೆ ಕೂರಿಸಿ. ಕೇಳುವುದು ಇಷ್ಟೇ.

ಕಾಸರಗೋಡನ್ನು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿಸಿದ ಕಾಯ್ದೆಯೇ, ಅಕ್ಕಪಕ್ಕದ ರಾಜ್ಯಗಳು ಒಟ್ಟಿಗೆ ಕೂತು ಮಾತಾಡುವ ವಲಯ ಮಂಡಳಿಗಳನ್ನೂ ಮಾಡಿತು. ಗಡಿ ವಿವಾದ, ಭಾಷಾ ಅಲ್ಪಸಂಖ್ಯಾತರು, ಅಂತರರಾಜ್ಯ ಸಾರಿಗೆ ಅಲ್ಲಿ ಚರ್ಚಿಸಬಹುದಾದ ವಿಷಯಗಳೆಂದು ಅದರಲ್ಲೇ ಬರೆದಿದೆ. ದಕ್ಷಿಣ ವಲಯ ಮಂಡಳಿಯಲ್ಲಿ ಎರಡೂ ರಾಜ್ಯಗಳಿವೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಬಗ್ಗೆ ಸಂವಿಧಾನದ 350ಎ ವಿಧಿ ಏನು ಹೇಳುತ್ತದೆಂದು ನಿಮಗೆ ನಾನು ಹೇಳಬೇಕೇ?

2020ರ ಮಾರ್ಚಿನಲ್ಲಿ ಕೊರೊನಾ ಎಂದು ಗಡಿಯ ತಲಪಾಡಿಯ ದಾರಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ಸೇರಲಾಗದೆ ನಮ್ಮ ಕಡೆಯ ರೋಗಿಗಳು ಸತ್ತರು. ರೋಗಿಗಳನ್ನು ಬಿಡುವ ಕ್ರಮಕ್ಕೆ ಎರಡು ಸರ್ಕಾರಗಳು ಒಪ್ಪಿದ್ದು ವಿಷಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, ಏಪ್ರಿಲ್ 7ಕ್ಕೆ. ಐದನೇ ಕ್ಲಾಸಿನ ಭಿನ್ನರಾಶಿಗೂ ನಾವು ಡೆಲ್ಲಿಗೆ ಹೋಗಬೇಕೇ?

ಕನ್ನಡ ರಾಜ್ಯೋತ್ಸವಕ್ಕೆ ಗಡಿನಾಡ ಕನ್ನಡಿಗರು ಎಂದು ನಮ್ಮ ಹೆಸರು ಹೇಳುತ್ತೀರಿ. ಭಾಷಣ ಸಾಕು. ದಕ್ಷಿಣ ಕನ್ನಡ, ಕಾಸರಗೋಡು ಎರಡೂ ಜಿಲ್ಲೆಗಳ ಅಧಿಕಾರಿಗಳು ತಿಂಗಳಿಗೊಮ್ಮೆ ಒಟ್ಟಿಗೆ ಕೂರಲಿ. ನಮ್ಮ ಅರ್ಜಿ ಯಾರ ಕೈಯಲ್ಲಿದೆ ಎಂದು ಕೇಳಿದರೆ ಹೇಳಲು ಒಬ್ಬರಾದರೂ ಇರಲಿ.

ಮಾರ್ಚಿನಲ್ಲಿ ಮಕ್ಕಳಿಗೆ ಪರೀಕ್ಷೆ. ಅದಕ್ಕೆ ಮೊದಲು ಒಂದು ಸಲವಾದರೂ ಅವರನ್ನು ಕೂರಿಸಿ.

ಇತಿ,
ಒಬ್ಬಳು ತಾಯಿ, ಮಂಜೇಶ್ವರ ತಾಲೂಕು